ಗೋಪುರದಡಿ ಸಿಕ್ಕ ಬಿಳಿ ಹಾವು

ಪ್ರಶ್ನೆ: ಜೆಟ್ ಲಿ ಸನ್ಯಾಸಿಯಾಗಿ ನಟಿಸಿದ 2011ರ ಸಿನಿಮಾ ನೋಡಿದೆ, ಹೆಣ್ಣಿನ ರೂಪ ತಾಳಿದ ಬಿಳಿ ಹಾವಿನ ಕಥೆ. ಕೊನೆಗೆ ಅವಳನ್ನು ಗೋಪುರದಡಿ ಕೂಡಿಹಾಕಿದ್ದು ನೋಡಿ ಹೊಟ್ಟೆ ಉರಿಯಿತು. ಮೂಲ ಕಥೆಯೂ ಹೀಗೇನಾ?
– ಓದುಗರೊಬ್ಬರು, ಹಾಸನ

ಉತ್ತರ: ಹೌದು, ಹೀಗೇ. ಚೀನಾದ ಲೇಖಕ ಫೆಂಗ್ ಮೆಂಗ್‌ಲಾಂಗ್ 1624ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲೂ ಅವಳ ಪಾಡು ಅದೇ. ಆದರೆ ಆಮೇಲೆ ಜನ ಸುಮ್ನೆ ಕೂರಲಿಲ್ಲ. ಮಗ ದೊಡ್ಡವನಾಗಿ ತಾಯಿಯನ್ನು ಬಿಡಿಸಿದ ಅಂತ ಕಥೆ ಬೆಳೆಸಿದರು. ನಿಮಗಾದ ಸಂಕಟವೇ ಅವರಿಗೂ ಆಗಿತ್ತು, ಅಲ್ವಾ?

ಸಿನಿಮಾದಲ್ಲಿ ಹಾರಾಟ, ಹೊಡೆದಾಟ ಜಾಸ್ತಿ. ನನಗೆ ಇಷ್ಟ ಕಥೆಯ ಸಣ್ಣ ಸಂಗತಿಗಳು. ಹಾಂಗ್‌ಝೌ ಊರಿನ ಪಶ್ಚಿಮ ಸರೋವರ. ಜಿಟಿಜಿಟಿ ಮಳೆ. ಹುಡುಗ ಅವಳಿಗೆ ತನ್ನ ಕೊಡೆ ಕೊಡುತ್ತಾನೆ. ಅದನ್ನು ವಾಪಸ್ ಪಡೆಯುವ ನೆಪದಲ್ಲಿ ಪ್ರೀತಿ ಚಿಗುರುತ್ತದೆ. ಮುಂದೆ ಹಬ್ಬದ ದಿನ ಮನಃಶಿಲೆ ಎಂಬ ಕೆಂಪು ಖನಿಜ ಬೆರೆಸಿದ ಮದ್ಯ ಕುಡಿದು ಅವಳ ಹಾವಿನ ರೂಪ ಬಯಲಾಗುತ್ತದೆ. ಅವನೇ ಕುಡಿಸಿದ್ದು. ಅಲ್ಲಿ ನನ್ನ ಕರುಳು ಚುರ್ ಅನ್ನುತ್ತದೆ.

ಅವಳನ್ನು ಕೂಡಿಹಾಕಿದ ಆ ಲೇಫೆಂಗ್ ಗೋಪುರ ನಿಜಕ್ಕೂ ಇದೆ. ಇಟ್ಟಿಗೆ ಇದ್ದರೆ ಒಳ್ಳೆಯದಾಗುತ್ತದೆಂದು ಜನ ಒಂದೊಂದಾಗಿ ಕಿತ್ತೊಯ್ದರು. 1924ರಲ್ಲಿ ಗೋಪುರ ಕುಸಿದು ಬಿತ್ತು. 2002ರಲ್ಲಿ ಹೊಸದು ಎದ್ದಿತು. ಹಳೆಯ ಬುಡವನ್ನು ಅದರೊಳಗೇ ಕಾಪಾಡಿದ್ದಾರೆ.