ಅಳಿಸಿದ ಕೋಡ್‌ಗೆ ಅಂಕ ಕೊಡುವವರು ಯಾರು?

ಸಾಫ್ಟ್‌ವೇರ್ ಕಂಪನಿಗಳಲ್ಲಿ ವಾರ್ಷಿಕ ಮೌಲ್ಯಮಾಪನ ಮುಗಿದ ಬೆನ್ನಿಗೇ, ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುವವರು ಹೆಚ್ಚುತ್ತಾರೆ. ಅವರಲ್ಲಿ ಕೆಲವರ ದೂರು ಒಂದೇ: "ಕೆಲಸವನ್ನು ಸರಳಗೊಳಿಸಿದೆ, ಅದಕ್ಕೇ ಹಿಂದೆ ಬಿದ್ದೆ." ಅಂಥ ಒಬ್ಬರ ವಿಷಯವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಅವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ.

ಪ್ರಕಾಶ್ ಎನ್ನೋಣ. ಬೆಂಗಳೂರಿನಲ್ಲಿ ಹಿರಿಯ ಎಂಜಿನಿಯರ್. ನಿದ್ದೆ ಕೆಟ್ಟಿತ್ತು, ಮನೆಯಲ್ಲಿ ಸಿಡುಕು ಹೆಚ್ಚಿತ್ತು. ಪತ್ನಿಯ ಒತ್ತಾಯಕ್ಕೆ ಬಂದಿದ್ದರು. ಖಿನ್ನತೆಯ ಲಕ್ಷಣಗಳನ್ನು ಮೊದಲೇ ವಿಚಾರಿಸಿದೆ. ಮನೋವೈದ್ಯರ ಬಳಿಗೆ ಕಳುಹಿಸುವ ಹಂತವಿರಲಿಲ್ಲ.

ಅಂಗಡಿಗಳಿಗೆ ದಿನದ ಮಾರಾಟದ ಲೆಕ್ಕ ಕಳುಹಿಸುವ ವ್ಯವಸ್ಥೆ ಅವರದು. ಒಂದೊಂದು ಕೆಲಸಕ್ಕೆ ಒಂದೊಂದರಂತೆ ಪ್ರತ್ಯೇಕವಾಗಿ ಓಡುವ ಏಳು ಪುಟ್ಟ ಪ್ರೋಗ್ರಾಂಗಳು, ಅಂದರೆ ಮೈಕ್ರೋಸರ್ವಿಸ್‌ಗಳು, ನಡುವೆ ಸಂದೇಶ ಸಾಗಿಸಲು ಕಾಫ್ಕಾ ಎಂಬ ತಂತ್ರಾಂಶ, ಎಲ್ಲವನ್ನೂ ಓಡಿಸಲು ಕುಬರ್ನೆಟಿಸ್. ಪ್ರಕಾಶ್ ಇಷ್ಟನ್ನೂ ಕಿತ್ತುಹಾಕಿ, ಒಂದೇ ಪ್ರೋಗ್ರಾಂ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ರಾತ್ರಿ ನಿಗದಿತ ಹೊತ್ತಿಗೆ ತಾನಾಗಿ ಓಡುವ ಒಂದು ಕ್ರಾನ್ ಜಾಬ್ ಉಳಿಸಿದ್ದರು. ಮೌಲ್ಯಮಾಪನದಲ್ಲಿ ಮ್ಯಾನೇಜರ್ ಕೇಳಿದ್ದು, "ಹೊಸದಾಗಿ ಏನು ಕಟ್ಟಿದಿರಿ?" ಬಡ್ತಿ ಬೇರೆಯವರ ಪಾಲಾಯಿತು.

ಮೊದಮೊದಲು ಅವರ ಮಾತೆಲ್ಲ ಸಹೋದ್ಯೋಗಿಗಳ ಮೇಲಿನ ಸಿಟ್ಟು. ಯಾರಿಗೂ ಸರಳವಾಗಿ ಯೋಚಿಸಲು ಬರುವುದಿಲ್ಲ, ಬರೆಯುವುದೆಲ್ಲ ಕಸ. ಸರಳತೆಯ ಬಗ್ಗೆ ಲೇಖನಮಾಲೆಯನ್ನೇ ಬರೆದು ಇಡೀ ತಂಡಕ್ಕೆ ಓದಿಸುವ ಯೋಜನೆಯೂ ಇತ್ತು. ಒಂದು ದಿನ ಸುಮ್ಮನೆ ಕೇಳಿದೆ: "ಆ ಏಳು ಸರ್ವಿಸ್‌ಗಳನ್ನು ಕಟ್ಟಿದವರು ಯಾರು?"

"ನಾನೇ, ಮೇಡಂ. ನಾಲ್ಕು ವರ್ಷಗಳ ಹಿಂದೆ. ಅದಕ್ಕೇ ಆಗ ನನಗೆ ಬಡ್ತಿ ಸಿಕ್ಕಿತು."

"ಹಾಗೇಕೆ ಕಟ್ಟಿದಿರಿ?"

"ಅಂಗಡಿಗಳು ಲಕ್ಷ ದಾಟುತ್ತವೆ ಎಂದಿದ್ದರು. ಇವತ್ತಿಗೂ ಎರಡು ಸಾವಿರವಾಗಿಲ್ಲ." ತುಸು ತಡೆದು, "ರೆಸ್ಯೂಮೆಯಲ್ಲಿ ಕಾಫ್ಕಾ ಎಂದು ಬರೆದುಕೊಳ್ಳುವ ಆಸೆಯೂ ಇತ್ತು," ಎಂದರು. ತಮಗೇ ನಗು ಬಂತು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇತರರ ಮೇಲೆ ಕಾರುತ್ತಿದ್ದ ಸಿಟ್ಟಿನಲ್ಲಿ ಅರ್ಧ ಪಾಲು ಆ ಹಳೆಯ ಪ್ರಕಾಶ್ ಮೇಲಿನದೇ ಆಗಿತ್ತು. ಹಾಗೆಂದು ಕಂಪನಿಯದು ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಕಟ್ಟಿದ್ದನ್ನು ಎಣಿಸಿ, ಕಳೆದದ್ದನ್ನು ಎಣಿಸದ ಅಳತೆಗೋಲು ತಪ್ಪೇ. ಇದು ಹಳೆಯ ರೋಗ ಕೂಡ. 1982ರಲ್ಲಿ ಆ್ಯಪಲ್‌ನ ಲೀಸಾ ಕಂಪ್ಯೂಟರಿನ ತಂಡದಲ್ಲಿ, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಎಂದು ಫಾರಂ ತುಂಬಿಸುತ್ತಿದ್ದರು. ಕೋಡನ್ನು ಚಿಕ್ಕದೂ ವೇಗದ್ದೂ ಆಗಿ ತಿದ್ದಿದ್ದ ಆ ತಂಡದ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಅದರಲ್ಲಿ ಮೈನಸ್ 2000 ಎಂದು ಬರೆದರು. ಕೆಲವೇ ವಾರಗಳಲ್ಲಿ ಅವರಿಂದ ಫಾರಂ ಕೇಳುವುದನ್ನೇ ಬಿಟ್ಟರು. ಪ್ರಕಾಶ್‌ಗೆ ಈ ಕಥೆ ಗೊತ್ತಿತ್ತು. ಆದರೆ ಅವರು ಅಟ್ಕಿನ್ಸನ್ ಅಲ್ಲ, ಅವರ ಮ್ಯಾನೇಜರ್ ಫಾರಂ ಬಿಡುವವರೂ ಅಲ್ಲ.

ಆದ್ದರಿಂದ ಲೇಖನಮಾಲೆ ಬೇಡ ಎಂದೆ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಒಂದೇ ಪುಟ ಬರೆಯಿರಿ, ಅದೂ ನಿಮ್ಮ ಏಳು ಸರ್ವಿಸ್‌ಗಳ ಬಗ್ಗೆ: ಆಗ ಏನೆಂದುಕೊಂಡಿದ್ದಿರಿ, ಆದದ್ದೇನು, ಏನನ್ನು ತೆಗೆದಿರಿ, ತೆಗೆದದ್ದರಿಂದ ಏನು ಕಳೆದುಕೊಂಡಿರಿ. ಕೊನೆಯ ಪ್ರಶ್ನೆಗೆ ಅವರು ಬಹಳ ಜಗ್ಗಾಡಿದರು. ಅಂಗಡಿಗಳು ನಿಜವಾಗಿಯೂ ಲಕ್ಷವಾದರೆ ಮತ್ತೆ ಕಟ್ಟಬೇಕಾಗುತ್ತದೆ ಎಂದು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಎರಡನೆಯದಾಗಿ, ಮೌಲ್ಯಮಾಪನದ ಫಾರಂನಲ್ಲಿ ಅಳಿಸಿದ್ದಕ್ಕೆ ಜಾಗವಿಲ್ಲದಿದ್ದರೂ ಉಳಿತಾಯಕ್ಕೆ ಇದೆಯಲ್ಲ? ವ್ಯವಸ್ಥೆ ಕೈಕೊಟ್ಟಾಗ ರಾತ್ರಿ ಬರುತ್ತಿದ್ದ ಅಲಾರಂ ಕರೆಗಳೆಷ್ಟು, ಈಗೆಷ್ಟು, ಕ್ಲೌಡ್ ಬಿಲ್ ಎಷ್ಟು ಇಳಿಯಿತು ಎಂದು ಅಲ್ಲಿ ತುಂಬಿ ಎಂದೆ.

ಇದು ಆಪ್ತಸಲಹೆಯಲ್ಲ, ವೃತ್ತಿ ಮಾರ್ಗದರ್ಶನ ಎಂದು ಆಕ್ಷೇಪಿಸುವ ಸಹವೃತ್ತಿಯವರಿದ್ದಾರೆ. ಇರಲಿ. ಕಚೇರಿಯ ಫಾರಂನಿಂದ ನಿದ್ದೆಗೆಟ್ಟವರಿಗೆ ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ, ದೋಷ ತಮ್ಮ ಶ್ವಾಸಕೋಶದಲ್ಲೇ ಇದೆ ಎಂದುಕೊಂಡು ಮನೆಗೆ ಹೋಗುತ್ತಾರೆ.

ಪ್ರಕಾಶ್ ಪುಟ ಬರೆದರು. ಅದನ್ನು ಓದಿದ ಕಿರಿಯ ಎಂಜಿನಿಯರ್ ಒಬ್ಬಳು, ತಮ್ಮ ಹೊಸ ಯೋಜನೆಗೂ ಕಾಫ್ಕಾ ಬೇಕೇ ಎಂದು ಕೇಳಿಕೊಂಡು ಬಂದಳಂತೆ. ಮ್ಯಾನೇಜರ್ ಏನೂ ಹೇಳಿಲ್ಲ. ಮುಂದಿನ ಮೌಲ್ಯಮಾಪನ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಕಂಪನಿ ಬಿಡುವ ಮಾತೆತ್ತುವುದಿಲ್ಲ ಎಂದು ಪತ್ನಿಗೆ ಮಾತು ಕೊಟ್ಟಿದ್ದಾರೆ. ಆ ಸಲಹೆ ಮಾತ್ರ ನನ್ನದಲ್ಲ.