ದಟ್ಟಣೆ ಯಾವ ಆ್ಯಪ್‌ನದು?

ಪ್ರಶ್ನೆ: ನಮ್ಮ ವಿದ್ಯಾರ್ಥಿನಿಲಯದ 100 ಎಂಬಿಪಿಎಸ್ ಸಂಪರ್ಕವನ್ನು ಸಂಜೆ ವಿಡಿಯೊಗಳೇ ನುಂಗುತ್ತವೆ, ಆನ್‌ಲೈನ್ ತರಗತಿಯ ಧ್ವನಿ ಕಡಿದು ಕಡಿದು ಬರುತ್ತದೆ. ಪೋರ್ಟ್ ಸಂಖ್ಯೆ (ದತ್ತಾಂಶ ಯಾವ ಸೇವೆಗೆ ಸೇರಿದ್ದೆಂದು ಸೂಚಿಸುವ ಸಂಖ್ಯೆ) ನೋಡಿ ವಿಡಿಯೊಗೆ ಮಿತಿ ಹಾಕಬಹುದೇ?

ಉತ್ತರ: ಪೋರ್ಟ್ ಸಂಖ್ಯೆಯೊಂದರಿಂದಲೇ ಆಗದು. ಇಮೇಲ್‌ಗೆ 25, ವೆಬ್‌ಗೆ 80 ಎಂದು ಬಳಕೆಯನ್ನು ಊಹಿಸಬಹುದಾದ ಕಾಲವೊಂದಿತ್ತು. ಈಗ ವಿಡಿಯೊ, ಬ್ಯಾಂಕಿಂಗ್, ಪಾಠ ಎಲ್ಲವೂ ಬಹುಪಾಲು 443ರಲ್ಲೇ ಗೂಢಲಿಪಿಯಲ್ಲಿ ಸಾಗುತ್ತವೆ. ಈ ಗೂಢಲಿಪಿಯ ವಿಧಾನವಾದ ಟಿಎಲ್‌ಎಸ್ ಸಂಪರ್ಕದ ಮೊದಲ ಸಂದೇಶದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ತೆರೆದೇ ಇರುವುದರಿಂದ, ಆ ಹೆಸರನ್ನೂ ಪ್ಯಾಕೆಟ್‌ಗಳ (ದತ್ತಾಂಶದ ಸಣ್ಣ ತುಣುಕುಗಳ) ಗಾತ್ರ ಮತ್ತು ಅಂತರವನ್ನೂ ಕೂಡಿಸಿ ನೋಡುವ ತಂತ್ರಾಂಶಗಳು ಆ್ಯಪ್ ಯಾವುದೆಂದು ಅಂದಾಜಿಸುತ್ತವೆ. ಆದರೆ ಈ ಹೆಸರನ್ನೂ ಮರೆಮಾಡುವ ಇಸಿಎಚ್ ವಿಧಾನ ಬಂದಿದೆ. ದಟ್ಟಣೆಯನ್ನೆಲ್ಲ ಒಂದೇ ಗೂಢ ಮಾರ್ಗದಲ್ಲಿ ಸಾಗಿಸುವ ವಿಪಿಎನ್ ಬಳಸಿದರಂತೂ ಗುರುತು ಇನ್ನಷ್ಟು ಕಷ್ಟ.

ಆದ್ದರಿಂದ, ನನ್ನ ಅಭಿಪ್ರಾಯದಲ್ಲಿ, ಮೊದಲು ಆ್ಯಪ್‌ಗಳ ಬೆನ್ನು ಹತ್ತದೆ ಸಾಧನವಾರು ಸಮಪಾಲು ಕೊಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವಿರುವ ರೌಟರ್‌ನಲ್ಲಿ, ಪ್ಯಾಕೆಟ್‌ಗಳನ್ನು ಸರದಿಯಲ್ಲಿ ಕಳಿಸುವ ‘ಕೇಕ್’ ಎಂಬ ಸರತಿ ವ್ಯವಸ್ಥೆಯನ್ನು ಹಾಕಿ, ವೇಗದ ಮಿತಿಯನ್ನು ಸುಮಾರು 90 ಎಂಬಿಪಿಎಸ್‌ಗೆ ನಿಲ್ಲಿಸಿದರೆ, ಸರತಿ ಇಂಟರ್‌ನೆಟ್ ಸೇವಾದಾರರ ಕಡೆ ಬೆಳೆಯದೆ ನಿಮ್ಮ ಹತೋಟಿಯಲ್ಲೇ ಉಳಿಯುತ್ತದೆ. ಒಬ್ಬರ ಡೌನ್‌ಲೋಡ್ ಮತ್ತೊಬ್ಬರ ಪಾಠವನ್ನು ತಡೆಯುವುದಿಲ್ಲ. ಅದೂ ಸಾಲದಿದ್ದರೆ ಮಾತ್ರ ತರಗತಿಯ ಆ್ಯಪ್‌ಗೆ ಆದ್ಯತೆಯ ಗುರುತು ಹಾಕಿ. ಗೂಢಲಿಪಿಯನ್ನು ಬಿಡಿಸಿ ವಿದ್ಯಾರ್ಥಿಗಳ ಖಾಸಗಿ ಮಾತನ್ನು ಇಣುಕುವ ಸಲಕರಣೆಯನ್ನು ದಯವಿಟ್ಟು ಕೊಳ್ಳಬೇಡಿ. ಈ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ.