ದಿನಬಳಕೆಯ ಬಟ್ಟಲು, ಟೀ ಕಪ್ಪು ಮಾಡುತ್ತಲೇ ಒಬ್ಬ ಕುಂಬಾರ ಜೀವನ ಪೂರ್ತಿ ಕಳೆಯಬಹುದಾ?

ಖಂಡಿತ ಕಳೆಯಬಹುದು. ಅಮೆರಿಕದ ವಾರೆನ್ ಮೆಕೆಂಜಿ (1924–2018) ಅವರನ್ನೇ ನೋಡಿ. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್ ಹತ್ತಿರ ಹೆಂಡತಿ ಅಲಿಕ್ಸ್ ಜೊತೆ ಕೆಲಸ ಕಲಿತು ಬಂದು, ಮಿನೆಸೋಟಾದ ಸ್ಟಿಲ್‌ವಾಟರ್ ಪಕ್ಕ ಚಕ್ರ, ಭಟ್ಟಿ ಹಾಕಿಕೊಂಡು, ದಶಕಗಟ್ಟಲೆ ಊಟದ ಬಟ್ಟಲು, ಟೀ ಕಪ್ಪು, ಹೂಜಿಗಳನ್ನೇ ಮಾಡಿದರು. ಜೊತೆಗೆ ಯೂನಿವರ್ಸಿಟಿಯಲ್ಲಿ ಪಾಠ.

ನನಗೆ ತುಂಬಾ ಇಷ್ಟವಾಗುವುದು ಅವರ ಅಂಗಡಿ. ಪಾತ್ರೆ ಮೇಲೆ ಬೆಲೆ, ದುಡ್ಡು ಹಾಕೋಕೆ ಒಂದು ಬುಟ್ಟಿ, ಕಾಯೋರು ಯಾರೂ ಇಲ್ಲ. ಬೇಕಂತಲೇ ಬೆಲೆ ಕಮ್ಮಿ ಇಟ್ಟಿದ್ದರು. ದುಬಾರಿ ಆದರೆ ಜನ ಶೋಕೇಸಿಗೆ ಸೇರಿಸಿಬಿಡುತ್ತಾರೆ, ಅದರಲ್ಲಿ ಊಟ ಮಾಡಲ್ಲ, ಅಲ್ವಾ? ಹೆಸರು ನೋಡಿ ಕೊಳ್ಳುವುದು ಬೇಡ ಅಂತ ಒಂದು ಹಂತದಲ್ಲಿ ಪಾತ್ರೆ ಮೇಲೆ ತಮ್ಮ ಗುರುತಿನ ಮುದ್ರೆ ಒತ್ತುವುದನ್ನೂ ಬಿಟ್ಟರು. ಕೊಂಡು ಜಾಸ್ತಿ ರೇಟಿಗೆ ಮಾರುವವರು ಹೆಚ್ಚಾಗಿ 2006ರಲ್ಲಿ ಅಂಗಡಿ ಮುಚ್ಚಬೇಕಾಯಿತು. ಪಾತ್ರೆ ಮಾಡುವುದು ಮಾತ್ರ ಆಮೇಲೂ ನಡೆದೇ ಇತ್ತು.